ಬಾಟಲಿಯ ಮುಚ್ಚಳ ಸಡಿಲ ಮಾಡಿಟ್ಟವರು ಯಾರು? ಕೃತಜ್ಞತೆಯನ್ನು ರೂಢಿ ಮಾಡಿಕೊಳ್ಳುವ ಬಗೆ

ಕೆಲವು ವರ್ಷಗಳ ಹಿಂದೆ ಹೊಸ ನೋಟ್‌ಬುಕ್ ತಂದು ಕೃತಜ್ಞತೆಯ ಡೈರಿ ಬರೆಯಲು ಶುರು ಮಾಡಿದ್ದೆ. ದಿನಾ ರಾತ್ರಿ ಮೂರು ವಿಷಯ. ಮೊದಲ ದಿನ ಬರೆದದ್ದು: ಆರೋಗ್ಯ, ಮನೆಯವರು, ಕೆಲಸ. ಎರಡನೆಯ ದಿನ: ಮನೆಯವರು, ಆರೋಗ್ಯ, ಸ್ನೇಹಿತರು. ಒಂಬತ್ತನೆಯ ದಿನ 'ನಿನ್ನೆಯದೇ' ಅಂತ ಬರೆದು ಪುಸ್ತಕ ಮುಚ್ಚಿಟ್ಟೆ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಹಾಗಿತ್ತು, ಅಷ್ಟೇ. ಮನಸ್ಸಿಗೆ ಏನೂ ತಾಗಿರಲಿಲ್ಲ.

ಆಮೇಲೊಮ್ಮೆ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಆ ಆರು ವಾರ ನಾನು ಮಾಡಿದ್ದೆಲ್ಲ ಗೊಣಗಾಟ. ಶರ್ಟಿನ ಗುಂಡಿ ಹಾಕಲು ಬರುವುದಿಲ್ಲ, ಟೈಪ್ ಮಾಡಲು ಆಗುವುದಿಲ್ಲ, ತಲೆ ಬಾಚಲು ಆಗುವುದಿಲ್ಲ. ಪ್ಲಾಸ್ಟರ್ ತೆಗೆದು ಒಂದು ವಾರವಾಗಿತ್ತು. ಬೆಳಿಗ್ಗೆ ಮಂಚದ ಪಕ್ಕದ ನೀರಿನ ಬಾಟಲಿಗೆ ಕೈ ಹಾಕಿದೆ. ಮುಚ್ಚಳ ತಿರುಗಲಿಲ್ಲ. ಬಿಗಿಯಾಗಿತ್ತು. ಆಗ ಹೊಳೆಯಿತು: ಹಾಗಾದರೆ ಇಷ್ಟು ದಿನ ಇದು ಒಂದೇ ಕೈಯಲ್ಲಿ ಹೇಗೆ ತೆರೆದುಕೊಳ್ಳುತ್ತಿತ್ತು?

ಅಪ್ಪ. ಪ್ರತಿ ರಾತ್ರಿ ಮಲಗುವ ಮುಂಚೆ ಬಾಟಲಿ ತುಂಬಿಸಿ, ಮುಚ್ಚಳವನ್ನು ಅರ್ಧ ಸುತ್ತು ಸಡಿಲ ಮಾಡಿ, ನನ್ನ ಎಡಗೈಗೆ ಸಿಗುವ ಕಡೆ ಇಟ್ಟು ಹೋಗುತ್ತಿದ್ದರು. ನಲವತ್ತಕ್ಕೂ ಹೆಚ್ಚು ರಾತ್ರಿ. ಒಂದು ಸಲವೂ ಬಾಯಿ ಬಿಟ್ಟು ಹೇಳಿರಲಿಲ್ಲ. ನಾನೂ ಒಂದು ಸಲವೂ ಗಮನಿಸಿರಲಿಲ್ಲ.

ಆ ಬೆಳಿಗ್ಗೆ ಆದದ್ದು ಒಂಬತ್ತು ದಿನದ ಡೈರಿಯಲ್ಲಿ ಆಗಿರಲಿಲ್ಲ. ಯಾಕೆ ಅಂತ ಯೋಚಿಸಿದಾಗ ಉತ್ತರ ಪದದೊಳಗೇ ಇತ್ತು. ಕೃತ ಅಂದರೆ ಮಾಡಿದ್ದು. ಜ್ಞ ಅಂದರೆ ಅರಿತವನು. ಕೃತಜ್ಞ ಅಂದರೆ ತನಗಾಗಿ ಮಾಡಿದ್ದನ್ನು ಅರಿತವನು. ಅರಿಯುವುದು ಮೊದಲು, ಖುಷಿಪಡುವುದು ಆಮೇಲೆ. ಡೈರಿಯಲ್ಲಿ ನಾನು ಏನನ್ನೂ ಅರಿಯದೆ ನೇರವಾಗಿ ಭಾವನೆ ಬರಿಸಿಕೊಳ್ಳಲು ಹೊರಟಿದ್ದೆ. ಈ ಮಾರ್ಗದರ್ಶಿಯಲ್ಲಿ ಅದನ್ನು ತಿರುಗಿಸಿ ಮಾಡೋಣ.

ಮೊದಲ ಹೆಜ್ಜೆ: ಯಾಕೆ ಕಣ್ಣಿಗೆ ಬೀಳುವುದಿಲ್ಲ ಅಂತ ತಿಳಿದುಕೊಳ್ಳಿ

ಸೈಕಲ್ ಹೊಡೆದವರಿಗೆ ಇದು ಗೊತ್ತು. ಎದುರುಗಾಳಿ ಇದ್ದರೆ ಪ್ರತಿ ತುಳಿತಕ್ಕೂ ಗೊತ್ತಾಗುತ್ತದೆ. ದಾರಿ ತಿರುಗಿ ಗಾಳಿ ಬೆನ್ನಿಗೆ ಬಂದರೆ ಒಂದು ನಿಮಿಷ 'ಆಹಾ' ಅನಿಸುತ್ತದೆ, ಆಮೇಲೆ ಗಾಳಿ ಇದೆ ಅನ್ನುವುದೇ ಮರೆತುಹೋಗುತ್ತದೆ. ನಮ್ಮ ಕಾಲಿನ ಶಕ್ತಿಯಿಂದಲೇ ಸೈಕಲ್ ಓಡುತ್ತಿದೆ ಅಂದುಕೊಳ್ಳುತ್ತೇವೆ. ಶಾಯ್ ಡೇವಿಡೈ ಮತ್ತು ಥಾಮಸ್ ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2016ರಲ್ಲಿ ಇದೇ ಹೋಲಿಕೆ ಇಟ್ಟುಕೊಂಡು ಒಂದು ಸಾಲು ಅಧ್ಯಯನ ಪ್ರಕಟಿಸಿದರು. ಅಡ್ಡಿಗಳು ಜನರಿಗೆ ಥಟ್ಟನೆ ನೆನಪಾಗುತ್ತವೆ, ಸಿಕ್ಕ ಅನುಕೂಲಗಳು ಅಷ್ಟು ಸುಲಭವಾಗಿ ನೆನಪಿಗೆ ಬರುವುದಿಲ್ಲ ಅನ್ನುವುದು ಅದರ ಸಾರ. ಅಡ್ಡಿಯನ್ನು ದಾಟಲು ಗಮನ ಕೊಡಲೇಬೇಕು. ಅನುಕೂಲಕ್ಕೆ ಗಮನ ಕೊಡದಿದ್ದರೂ ನಡೆಯುತ್ತದೆ.

ಮನೆಯೊಳಗಿನ ಲೆಕ್ಕವೂ ಹೀಗೇ. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೊಲಿ ಎಂಬ ಇಬ್ಬರು ಸಂಶೋಧಕರು ದಂಪತಿಗಳನ್ನು ಬೇರೆ ಬೇರೆಯಾಗಿ ಕೇಳಿದರು: ಮನೆಯ ಈ ಈ ಕೆಲಸದಲ್ಲಿ ನಿಮ್ಮ ಪಾಲು ಎಷ್ಟು? ಹೆಚ್ಚಿನ ಕೆಲಸಗಳಲ್ಲಿ ಇಬ್ಬರೂ ಹೇಳಿದ ಪಾಲನ್ನು ಕೂಡಿಸಿದರೆ ಮೊತ್ತ ಒಟ್ಟು ಕೆಲಸವನ್ನೇ ಮೀರುತ್ತಿತ್ತು. ಯಾರೂ ಬೇಕಂತಲೇ ಸುಳ್ಳು ಹೇಳಿರಲಿಲ್ಲ. ನಾನು ಮಾಡಿದ್ದು ನನ್ನ ಕಣ್ಣೆದುರೇ ನಡೆದಿರುತ್ತದೆ. ಇನ್ನೊಬ್ಬರು ಮಾಡಿದ್ದು ನಾನು ಮಲಗಿದ್ದಾಗ ನಡೆದಿರುತ್ತದೆ.

ಇನ್ನೊಂದು ಕಾರಣ, ಅಭ್ಯಾಸ. ಹೊಸ ಚಪ್ಪಲಿ ಎಷ್ಟು ದಿನ ಹೊಸದು? ದೊಡ್ಡ ಅದೃಷ್ಟದ ಕಥೆಯೂ ಅದೇ ಆಗಬಹುದು. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ತಂಡ 22 ಲಾಟರಿ ವಿಜೇತರನ್ನು ಮಾತಾಡಿಸಿತು. ಸ್ನೇಹಿತರ ಜೊತೆ ಹರಟುವುದು, ಜೋಕ್ ಕೇಳಿ ನಗುವುದು, ಇಂಥ ದಿನನಿತ್ಯದ ಸಂಗತಿಗಳಿಂದ ಅವರಿಗೆ ಸಿಗುತ್ತಿದ್ದ ಸಂತೋಷ ಉಳಿದವರಿಗಿಂತ ಕಡಿಮೆಯಾಗಿತ್ತು. ಅದು ಪುಟ್ಟ ಅಧ್ಯಯನ, ಅದನ್ನೇ ಹಿಡಿದು ದುಡ್ಡು ಬೇಡ ಅನ್ನುವುದು ತಪ್ಪು. ಆದರೆ ಒಳ್ಳೆಯದಕ್ಕೆ ನಾವು ಎಷ್ಟು ಬೇಗ ಒಗ್ಗಿಹೋಗುತ್ತೇವೆ ಅನ್ನುವುದಕ್ಕೆ ಅಷ್ಟು ಸಾಕು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನಿಮಗೆ ಕೃತಜ್ಞತೆ ತಾನಾಗಿ ಉಕ್ಕಿ ಬರುತ್ತಿಲ್ಲ ಅಂದರೆ ನೀವು ಕಲ್ಲು ಮನಸ್ಸಿನವರಲ್ಲ. ಕಣ್ಣಿಗೆ ಬೀಳದ್ದು ಮನಸ್ಸಿಗೆ ಎಲ್ಲಿಂದ ಬರಬೇಕು?

ಎರಡನೆಯ ಹೆಜ್ಜೆ: ದಿನದಲ್ಲಿ ಒಂದು ಸಲ 'ಯಾರು?' ಅಂತ ಕೇಳಿ

ಇಡೀ ದಿನ ಎಚ್ಚರವಾಗಿರಿ, ಪ್ರತಿ ಕ್ಷಣ ಗಮನಿಸಿ ಅಂತೆಲ್ಲ ಹೇಳುವವರಿದ್ದಾರೆ. ಅದು ಯಾರಿಂದಲೂ ಆಗದ ಕೆಲಸ. ಒಂದೇ ಒಂದು ಹೊತ್ತು ಆರಿಸಿಕೊಳ್ಳಿ. ಅದು ಹೇಗೂ ದಿನಾ ಬರುವ ಹೊತ್ತಾಗಿರಲಿ. ಮನೆಯ ಬೀಗ ತೆಗೆಯುವಾಗ, ಲಿಫ್ಟ್‌ಗೆ ಕಾಯುವಾಗ, ಫೋನ್ ಚಾರ್ಜ್‌ಗೆ ಹಾಕುವಾಗ. ನನ್ನದು ಫೋನ್ ಚಾರ್ಜ್‌ಗೆ ಹಾಕುವ ಹೊತ್ತು. ಆ ವೈರು ಕೈಯಲ್ಲಿರುವಾಗ ಒಂದು ಪ್ರಶ್ನೆ: ಇವತ್ತು ಸಲೀಸಾಗಿ ನಡೆದುಹೋದ ಒಂದು ಕೆಲಸ ಯಾವುದು? ಅದನ್ನು ಸಲೀಸು ಮಾಡಿದವರು ಯಾರು?

ಗಮನಿಸಿ, 'ಇವತ್ತು ಏನು ಒಳ್ಳೆಯದಾಯಿತು' ಅಂತ ಕೇಳುತ್ತಿಲ್ಲ. ಆ ಪ್ರಶ್ನೆಗೆ ಎಷ್ಟೋ ದಿನ 'ಏನೂ ಇಲ್ಲ' ಅನ್ನುವುದೇ ಉತ್ತರ. 'ಸಲೀಸಾಗಿ ನಡೆದದ್ದು' ಅಂದರೆ ಯಾವಾಗಲೂ ಏನಾದರೂ ಸಿಗುತ್ತದೆ. ಮೀಟಿಂಗ್ ಬೇಗ ಮುಗಿಯಿತು. ಯಾಕೆ? ಒಬ್ಬರು ಮುಂಚೆಯೇ ಕೂತು ಅಂಕಿಅಂಶ ಹೊಂದಿಸಿ ತಂದಿದ್ದರು. ಬಾತ್‌ರೂಮಿನ ಬಲ್ಬ್ ಉರಿಯಿತು. ಹೌದಲ್ಲ, ಮೊನ್ನೆ ಅದು ಮಿಣುಕುತ್ತಿತ್ತು, ಬದಲಾಯಿಸಿದವರು ಯಾರು?

ಒಂದು ವಾರ ಬರೀ ಇಷ್ಟೇ ಮಾಡಿ. ಬರೆಯಬೇಡಿ, ಯಾರಿಗೂ ಹೇಳಬೇಡಿ. ಮೂರ್ನಾಲ್ಕು ದಿನ ಕಳೆಯುವಷ್ಟರಲ್ಲಿ ಪ್ರಶ್ನೆ ತಾನಾಗಿ ಬೇರೆ ಹೊತ್ತಿನಲ್ಲೂ ತಲೆ ಹಾಕುತ್ತದೆ. ಹಾಗೆ ಆಗದಿದ್ದರೂ ಪರವಾಗಿಲ್ಲ, ಮುಂದಿನ ಹೆಜ್ಜೆಗೆ ಹೋಗಿ.

ಮೂರನೆಯ ಹೆಜ್ಜೆ: ಬರೆಯಿರಿ, ಆದರೆ ಕಡಿಮೆ ಬರೆಯಿರಿ

ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು. ಜಾಸ್ತಿ ಜನ ಕೈಬಿಡುವುದು ಇಲ್ಲೇ.

ಬರೆಯುವುದರಿಂದ ಏನಾದರೂ ಪ್ರಯೋಜನ ಇದೆಯಾ ಎಂದು ನೋಡಿದ ಅಧ್ಯಯನಗಳಲ್ಲಿ ಹೆಸರಾದದ್ದು 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ ಪ್ರಕಟಿಸಿದ್ದು. ಅದರ ಮೊದಲ ಭಾಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಎರಡು ತಿಂಗಳಿಗೂ ಹೆಚ್ಚು ಕಾಲ ವಾರಕ್ಕೊಮ್ಮೆ ಬರೆದರು. ಒಂದು ಗುಂಪು ಕೃತಜ್ಞತೆ ಹುಟ್ಟಿಸಿದ ಐದು ಸಂಗತಿಗಳವರೆಗೆ, ಇನ್ನೊಂದು ಗುಂಪು ಕಿರಿಕಿರಿಗಳನ್ನು, ಮತ್ತೊಂದು ಸುಮ್ನೆ ನಡೆದ ಘಟನೆಗಳನ್ನು. ಮೊದಲ ಗುಂಪಿನವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು, ಮೈಕೈ ನೋವಿನಂಥ ದೂರುಗಳು ಕಡಿಮೆ ಇದ್ದವು. ನನಗೆ ಜಾಸ್ತಿ ಹಿಡಿಸಿದ್ದು ಅದರ ಮೂರನೆಯ ಭಾಗ. ನರ ಮತ್ತು ಸ್ನಾಯುಗಳ ದೀರ್ಘ ಕಾಯಿಲೆ ಇದ್ದ 65 ಜನ ಅದರಲ್ಲಿದ್ದರು. 21 ದಿನ ಕೃತಜ್ಞತೆಯ ಸಂಗತಿ ಬರೆದವರಿಗೆ ನಿದ್ದೆ ಹೆಚ್ಚು ಹೊತ್ತು ಬಂತು. ಅವರು ಹೆಚ್ಚು ನೆಮ್ಮದಿಯಾಗಿದ್ದಾರೆ ಅಂತ ಅವರ ಜೊತೆ ಬಾಳುವವರೂ ಗುರುತಿಸಿದರು. ಕಾಯಿಲೆಯೇನೂ ಹೋಗಿರಲಿಲ್ಲ.

ಹಾಗಂತ ಇದು ಎಲ್ಲದಕ್ಕೂ ಮದ್ದಲ್ಲ. 2020ರಲ್ಲಿ ಇಬ್ಬರು ಸಂಶೋಧಕರು ಇಂಥ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಖಿನ್ನತೆ, ಆತಂಕದ ಲಕ್ಷಣಗಳ ಮೇಲೆ ಈ ಅಭ್ಯಾಸಗಳ ಪರಿಣಾಮ ಸಣ್ಣದು ಅಂತ ಅವರು ಕಂಡುಕೊಂಡರು. ಆದ್ದರಿಂದ ವೈದ್ಯರು ಕೊಟ್ಟ ಔಷಧಿ ಬಿಟ್ಟು ಡೈರಿ ಹಿಡಿಯಬೇಡಿ. ತಿಂಗಳುಗಟ್ಟಲೆ ಮನಸ್ಸು ಕುಗ್ಗಿದ್ದರೆ ಮೊದಲು ತಜ್ಞರ ಹತ್ತಿರ ಹೋಗಿ. ಡೈರಿ ಎಲ್ಲಿಗೂ ಓಡಿಹೋಗುವುದಿಲ್ಲ.

ಈಗ ಬರೆಯುವ ಬಗೆ.

ವಾರಕ್ಕೆ ಒಂದು ದಿನ ಸಾಕು. ಸೋನ್ಯಾ ಲ್ಯೂಬೊಮಿರ್‌ಸ್ಕಿ ಮತ್ತು ಜೊತೆಗಾರರು ಆರು ವಾರಗಳ ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆಯುವವರನ್ನೂ ವಾರಕ್ಕೆ ಮೂರು ಸಲ ಬರೆಯುವವರನ್ನೂ ಹೋಲಿಸಿದ್ದರು. ಗುಣ ಕಂಡದ್ದು ವಾರಕ್ಕೊಮ್ಮೆಯವರಲ್ಲಿ. ಪದೇ ಪದೇ ಮಾಡಿದರೆ ಅದೂ ಮನೆಗೆಲಸದಂತೆ ಆಗಿಬಿಡುತ್ತದೆ, ನನ್ನ ಒಂಬತ್ತು ದಿನದ ಡೈರಿಯ ಹಾಗೆ. ದಿನಾ ಬರೆದರೇ ಹಿತ ಅನ್ನುವವರು ಬರೆಯಿರಿ, ತಡೆಯುವವರು ಯಾರು? ಶುರು ಮಾಡುವವರಿಗೆ ಮಾತ್ರ ವಾರಕ್ಕೊಮ್ಮೆ ಅಂತ ನನ್ನ ಸಲಹೆ.

ಮೂರು ಸಂಗತಿ ಸಾಕು. ಒಂದೇ ಆದರೂ ನಡೆದೀತು. ಆದರೆ ಪ್ರತಿಯೊಂದರಲ್ಲೂ ಮೂರು ವಿಷಯ ಇರಲಿ: ಯಾರು, ಏನು ಮಾಡಿದರು, ಅದಕ್ಕೆ ಅವರಿಗೆ ಏನು ಹಿಡಿಯಿತು. ಕೊನೆಯದನ್ನು ಬಿಡಬೇಡಿ. ಸಮಯ ಹಿಡಿದಿರಬಹುದು, ನಿದ್ದೆ ಕೆಟ್ಟಿರಬಹುದು, ಸಂಕೋಚ ಬಿಟ್ಟು ಯಾರನ್ನೋ ಕೇಳಬೇಕಾಗಿ ಬಂದಿರಬಹುದು.

ಕೆಲಸಕ್ಕೆ ಬಾರದ ಸಾಲು ಹೇಗಿರುತ್ತದೆ ನೋಡಿ:

'ಒಳ್ಳೆಯ ಸಹೋದ್ಯೋಗಿಗಳು ಸಿಕ್ಕಿದ್ದಾರೆ.'

ಅದನ್ನೇ ಕಣ್ಣು ಬಿಟ್ಟು ಬರೆದರೆ:

'ಗುರುವಾರ ಜ್ವರ ಬಂದು ನಾನು ಮಧ್ಯಾಹ್ನವೇ ಹೊರಟೆ. ಪಕ್ಕದ ಸೀಟಿನವರು ನನ್ನ ಎರಡು ಕರೆಗಳನ್ನು ತಾವೇ ತೆಗೆದುಕೊಂಡರು. ಎರಡನೆಯ ಗ್ರಾಹಕರು ಸಿಟ್ಟಿನವರು. ಆ ಬೈಗುಳ ನನ್ನ ಪಾಲಿನದು, ಅವರು ತಿಂದರು. ಮರುದಿನ ಬರೀ "ಮುಗಿಸಿದ್ದೀನಿ" ಅಂದರು, ಬೈಗುಳದ ವಿಷಯ ಎತ್ತಲೇ ಇಲ್ಲ.'

ಮೊದಲನೆಯದನ್ನು ವರ್ಷದ ಯಾವ ದಿನವಾದರೂ ಬರೆಯಬಹುದು. ಎರಡನೆಯದು ಆ ಗುರುವಾರಕ್ಕೆ ಮಾತ್ರ ಸೇರಿದ್ದು. ನಿಮ್ಮ ಸಾಲು ಸರಿಯಾಗಿದೆಯಾ ಅಂತ ನೋಡಲು ಇದೇ ಪರೀಕ್ಷೆ: ಇದೇ ಸಾಲನ್ನು ಹೋದ ವಾರವೂ ಬರೆಯಬಹುದಿತ್ತಾ? ಬರೆಯಬಹುದಿತ್ತು ಅಂದರೆ ಹೊಡೆದುಹಾಕಿ, ಇನ್ನಷ್ಟು ಹತ್ತಿರ ಹೋಗಿ ಬರೆಯಿರಿ.

ಮನುಷ್ಯರೇ ಆಗಬೇಕಾ? ಮಳೆ, ಮರದ ನೆರಳು, ಓದಿದ ಒಂದು ಪುಟ ಆಗಬಾರದಾ? ಆಗಬಹುದು. ಆದರೆ ನನ್ನ ಅನುಭವದಲ್ಲಿ ಮನುಷ್ಯರ ಬಗ್ಗೆ ಬರೆದದ್ದು ಮುಂದಿನ ಹೆಜ್ಜೆಗೆ ದಾರಿ ಮಾಡಿಕೊಡುತ್ತದೆ. ನೆರಳಿಗೆ ಫೋನ್ ಮಾಡಿ ಹೇಳಲು ಆಗುವುದಿಲ್ಲ.

ಬರೆಯಲು ಹೊತ್ತಿಲ್ಲದವರು ಫೋನಿನಲ್ಲಿ ಧ್ವನಿಮುದ್ರಣ ಮಾಡಿಟ್ಟುಕೊಳ್ಳಿ. ಪುಸ್ತಕ ಚೆಂದದ್ದಿರಬೇಕು, ಪೆನ್ನು ಹೀಗಿರಬೇಕು ಅನ್ನುವುದೆಲ್ಲ ಮುಂದೂಡಲು ಹುಡುಕುವ ನೆಪ.

ನಾಲ್ಕನೆಯ ಹೆಜ್ಜೆ: ಏನೂ ಸಿಗದ ದಿನ, ಕಳೆದು ನೋಡಿ

ಬರೆಯಲು ಕೂತರೆ ಏನೂ ಹೊಳೆಯುವುದಿಲ್ಲ. ಎಲ್ಲ ಇದೆ, ಆದರೆ ಎಲ್ಲವೂ ಇರಬೇಕಾದದ್ದೇ ಅನಿಸುತ್ತದೆ. ಆಗ ಲೆಕ್ಕವನ್ನು ತಿರುಗಿಸಿ. ಇರುವುದನ್ನು ಎಣಿಸಬೇಡಿ. ಒಂದನ್ನು ಕಳೆದು, ಉಳಿದದ್ದು ಏನು ಅಂತ ನೋಡಿ.

ನಿಮ್ಮ ಆಪ್ತ ಸ್ನೇಹಿತರೊಬ್ಬರನ್ನು ನೆನೆಯಿರಿ. ಮೊದಲ ಸಲ ಭೇಟಿಯಾದದ್ದು ಹೇಗೆ? ಆ ದಿನ ನೀವು ಬರದೇ ಇರಲು ಎಷ್ಟು ಕಾರಣಗಳಿದ್ದವು? ಬಸ್ಸು ತಪ್ಪಬಹುದಿತ್ತು. ಬೇರೆ ಬೆಂಚಿನಲ್ಲಿ ಕೂರಬಹುದಿತ್ತು. ಬೇರೆ ಕೆಲಸಕ್ಕೆ ಸೇರಿರಬಹುದಿತ್ತು. ಹಾಗಾಗಿದ್ದರೆ ಮುಂದಿನ ವರ್ಷಗಳಲ್ಲಿ ಏನೇನು ಇರುತ್ತಿರಲಿಲ್ಲ? ಇದನ್ನು ನಾಲ್ಕೈದು ಸಾಲು ಬರೆಯಿರಿ.

2008ರಲ್ಲಿ ಮಿನ್‌ಕ್ಯುಂಗ್ ಕೂ ಮತ್ತು ಅವರ ಜೊತೆಗಾರರು ಇದನ್ನು ಪರೀಕ್ಷಿಸಿದ್ದರು. ಸಂಗಾತಿಯನ್ನು ಹೇಗೆ ಭೇಟಿಯಾದೆ ಅಂತ ಬರೆದವರಿಗಿಂತ, ಭೇಟಿಯಾಗದೇ ಹೋಗಬಹುದಿತ್ತು ಹೇಗೆ ಅಂತ ಬರೆದವರಿಗೆ ತಮ್ಮ ಸಂಬಂಧದ ಬಗ್ಗೆ ಹೆಚ್ಚು ತೃಪ್ತಿ ಕಂಡಿತು. ಹೀಗಾಗುತ್ತದೆ ಅಂತ ಜನ ಮೊದಲೇ ಊಹಿಸಿರಲಿಲ್ಲ ಅನ್ನುವುದು ಇನ್ನೂ ಸ್ವಾರಸ್ಯ. ಕೆಟ್ಟದ್ದನ್ನು ಯೋಚಿಸಿದರೆ ಬೇಜಾರಾಗುತ್ತದೆ ಅಂದುಕೊಳ್ಳುತ್ತೇವೆ. ಆದರೆ ಆಗುವುದು, ಕಳೆದುಹೋಯಿತು ಅಂದುಕೊಂಡ ಕೀಲಿ ಜೇಬಿನಲ್ಲೇ ಸಿಕ್ಕ ಹಾಗೆ. ಆ ಕೀಲಿಯನ್ನು ಅವತ್ತು ಮಾತ್ರ ಕೈಯಲ್ಲಿ ಹಿಡಿದು ನೋಡುತ್ತೇವೆ ಅಲ್ವಾ?

ಒಂದು ಎಚ್ಚರಿಕೆ. ಆತಂಕದ ಸ್ವಭಾವದವರು ಇದನ್ನು ರಾತ್ರಿ ಮಲಗುವ ಮುಂಚೆ ಮಾಡಬೇಡಿ. 'ಇರದೇ ಹೋಗಿದ್ದರೆ' ಎಂಬುದು 'ನಾಳೆ ಇಲ್ಲವಾದರೆ' ಎಂಬ ಕಡೆಗೆ ಜಾರುತ್ತದೆ. ನನಗೆ ಹಾಗೆ ಆಗಿದೆ. ಹಗಲು ಹೊತ್ತಿನಲ್ಲಿ ಮಾಡಿ, ಹಿಂದಿನ ಕಾಲದಲ್ಲೇ ಇರಿ.

ಐದನೆಯ ಹೆಜ್ಜೆ: ಅವರಿಗೆ ಹೇಳಿ

ಇದು ಕಷ್ಟದ ಹೆಜ್ಜೆ. ಇದು ಇಲ್ಲದೆ ಉಳಿದದ್ದೆಲ್ಲ ಅರ್ಧ ಕೆಲಸ ಅಂತ ನನ್ನ ಅಭಿಪ್ರಾಯ.

ಅಪರಿಚಿತರಿಗೆ ಥ್ಯಾಂಕ್ಸ್ ಹೇಳುವುದು ಸುಲಭ. ಬಾಗಿಲು ಹಿಡಿದವರಿಗೆ, ದಾರಿ ತೋರಿಸಿದವರಿಗೆ ಪಟಕ್ಕನೆ ಹೇಳುತ್ತೇವೆ. ಹತ್ತಿರದವರಿಗೆ ಹೇಳಬೇಕು ಅಂದರೆ ನಾಲಿಗೆ ಹೊರಳುವುದಿಲ್ಲ. 'ನಮ್ಮವರಿಗೆಲ್ಲ ಥ್ಯಾಂಕ್ಸ್ ಏನು, ಹೊರಗಿನವರಂತೆ' ಅನ್ನುತ್ತೇವೆ. ಆ ಮಾತಿನಲ್ಲಿ ಪ್ರೀತಿಯೂ ಇದೆ, ಸ್ವಲ್ಪ ಸೋಮಾರಿತನವೂ ಇದೆ. ಥ್ಯಾಂಕ್ಸ್ ಎಂಬ ಪದ ಬೇಡ ಅನಿಸಿದರೆ ಬೇಡ. ಕಂಡದ್ದನ್ನು ಹೇಳಿದರೆ ಸಾಕು.

ಅಪ್ಪನಿಗೆ ನಾನು ಥ್ಯಾಂಕ್ಸ್ ಅನ್ನಲಿಲ್ಲ. ಬಾಟಲಿ ಹಿಡಿದುಕೊಂಡೇ ಹೋಗಿ, "ಅಪ್ಪಾ, ದಿನಾ ಇದರ ಮುಚ್ಚಳ ಸಡಿಲ ಮಾಡ್ತಿದ್ದದ್ದು ನೀವಾ?" ಅಂತ ಕೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ. "ಇನ್ನೇನು, ರಾತ್ರಿ ಬಾಯಾರಿದ್ರೆ ಯಾರನ್ನ ಎಬ್ಬಿಸ್ತಿದ್ದೆ?" ಅಂದರು. "ನಂಗೆ ಇವತ್ತೇ ಗೊತ್ತಾಗಿದ್ದು" ಅಂದೆ. "ಹೂಂ" ಅಂದರು. ಅಷ್ಟೇ ಮಾತು. ಆದರೆ ಪೇಪರಿನ ಅದೇ ಪುಟವನ್ನು ತುಂಬಾ ಹೊತ್ತು ಹಿಡಿದುಕೊಂಡು ಕೂತಿದ್ದರು.

ಹೇಳಲು ಸಂಕೋಚ ಆಗುತ್ತದೆ ಅನ್ನುವವರಿಗೆ ಒಂದು ಸಮಾಧಾನ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಂದ ಕೃತಜ್ಞತೆಯ ಪತ್ರ ಬರೆಸಿ, ಪಡೆದವರಿಗೆ ಹೇಗನಿಸಬಹುದು ಅಂತ ಬರೆದವರನ್ನೇ ಊಹಿಸಲು ಹೇಳಿದರು. ಆಮೇಲೆ ಪಡೆದವರನ್ನೂ ಕೇಳಿದರು. ಪಡೆದವರಿಗೆ ಮುಜುಗರ ಆಗುತ್ತದೆ ಅಂತ ಬರೆದವರು ಅಂದುಕೊಂಡಿದ್ದರು. ಅಷ್ಟು ಆಗಿರಲಿಲ್ಲ. ಅವರ ಸಂತೋಷ ಮಾತ್ರ ಊಹೆಗಿಂತ ಜಾಸ್ತಿ ಇತ್ತು. ಬರೆಯುವವರು 'ಸರಿಯಾದ ಪದ ಸಿಗುತ್ತಾ' ಅಂತ ಚಿಂತೆ ಮಾಡುತ್ತಾರೆ. ಓದುವವರು ಅಲ್ಲಿರುವ ಬೆಚ್ಚಗಿನ ಭಾವವನ್ನು ನೋಡುತ್ತಾರೆ.

ಹೇಳುವಾಗ ಕೆಲವು ಸಣ್ಣ ವಿಷಯ ನೆನಪಿಡಿ. ನಿಮಗೆ ಏನು ಲಾಭವಾಯಿತು ಅನ್ನುವುದಕ್ಕಿಂತ ಅವರು ಏನು ಮಾಡಿದರು, ಅದರಲ್ಲಿ ಅವರ ಯಾವ ಗುಣ ಕಂಡಿತು ಅನ್ನುವುದನ್ನು ಹೇಳಿ. ಸಾರಾ ಅಲ್ಗೋ ಎಂಬ ಸಂಶೋಧಕಿ ದಂಪತಿಗಳ ಮಾತುಕತೆಯನ್ನು ಗಮನಿಸಿ 2016ರಲ್ಲಿ ಇದನ್ನೇ ತೋರಿಸಿದ್ದರು. 'ನನಗೆ ಆರಾಮವಾಯಿತು' ಎಂಬ ಮಾತಿಗಿಂತ 'ನೀನು ಕೇಳದೆಯೇ ಅರ್ಥ ಮಾಡಿಕೊಳ್ಳುತ್ತೀಯ' ಎಂಬ ಮಾತು ಕೇಳುವವರಿಗೆ ಹೆಚ್ಚು ತಾಗುತ್ತದೆ. ಥ್ಯಾಂಕ್ಸ್ ಜೊತೆ ಹೊಸ ಬೇಡಿಕೆ ಕಟ್ಟಬೇಡಿ. 'ಹೋದ ಸಲ ತುಂಬಾ ಸಹಾಯ ಮಾಡಿದಿರಿ, ಅಂದ ಹಾಗೆ ಈ ಸಲವೂ...' ಅಂದ ಕೂಡಲೇ ಮೊದಲರ್ಧ ಸುಳ್ಳಾಗುತ್ತದೆ. 'ಆದರೆ' ಹಾಕಬೇಡಿ. ತಡವಾಯಿತು ಅಂತ ಉದ್ದುದ್ದ ಕ್ಷಮೆ ಕೇಳಬೇಡಿ, ಅದು ಅವರನ್ನೇ ನಿಮಗೆ ಸಮಾಧಾನ ಹೇಳುವ ಸ್ಥಿತಿಗೆ ತರುತ್ತದೆ.

ಸಂದೇಶ ಕಳಿಸುವುದಾದರೆ ಇಷ್ಟು ಸಾಕು: "ಮೇಡಂ, ಹೋದ ತಿಂಗಳು ನನ್ನ ಅರ್ಜಿಯನ್ನು ಮೂರು ಸಲ ಓದಿ ತಿದ್ದಿಕೊಟ್ರಿ. ಮೂರನೇ ಸಲ ರಾತ್ರಿ ಹನ್ನೊಂದಕ್ಕೆ ಕಳಿಸಿದ್ರಿ. ನಿಮ್ಮ ಕೆಲಸವೇ ಅಷ್ಟಿರುವಾಗ ಅಷ್ಟು ತಾಳ್ಮೆ ತೋರಿಸಿದ್ದು ನೆನಪಿದೆ." ಮುಗಿಯಿತು. ಹೂವಿನ ಚಿತ್ರ, ಕೈ ಮುಗಿದ ಚಿತ್ರ ಹಾಕುವುದು ಬಿಡುವುದು ನಿಮಗೆ ಬಿಟ್ಟದ್ದು.

ಕೆಲಸದ ಜಾಗದಲ್ಲಿ ಮೇಲಿನವರು ಇದನ್ನು ಮರೆಯಲೇಬಾರದು. ಆಡಮ್ ಗ್ರಾಂಟ್ ಮತ್ತು ಫ್ರಾನ್ಸೆಸ್ಕಾ ಜೀನೊ 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಹೀಗಿತ್ತು. ವಿದ್ಯಾರ್ಥಿಯೊಬ್ಬನ ಕೆಲಸದ ಅರ್ಜಿಯ ಪತ್ರವನ್ನು ಜನ ತಿದ್ದಿಕೊಟ್ಟರು. ಕೆಲವರಿಗೆ 'ತಲುಪಿತು' ಎಂಬ ಒಣ ಉತ್ತರ, ಕೆಲವರಿಗೆ ಥ್ಯಾಂಕ್ಸ್ ಸೇರಿಸಿದ ಉತ್ತರ. ಎರಡರಲ್ಲೂ ಇನ್ನೊಂದು ಪತ್ರ ತಿದ್ದಿಕೊಡಿ ಎಂಬ ಕೋರಿಕೆ ಇತ್ತು. ಒಣ ಉತ್ತರ ಪಡೆದವರಲ್ಲಿ ಒಪ್ಪಿದ್ದು ಶೇ. 32, ಥ್ಯಾಂಕ್ಸ್ ಪಡೆದವರಲ್ಲಿ ಶೇ. 66. ಒಂದೆರಡು ಪದಗಳಿಗೆ ಇಷ್ಟು ಅಂತರ. ಇದನ್ನು ಕೆಲಸ ತೆಗೆಯುವ ತಂತ್ರ ಮಾಡಿಕೊಂಡರೆ ಜನಕ್ಕೆ ಬೇಗ ವಾಸನೆ ಬಡಿಯುತ್ತದೆ ಅನ್ನುವುದನ್ನೂ ಸೇರಿಸಿ ಹೇಳುತ್ತೇನೆ.

ಯಾರಾದರೂ ನಿಮಗೇ ಥ್ಯಾಂಕ್ಸ್ ಹೇಳಿದರೆ 'ಅಯ್ಯೋ, ಅದೇನು ಮಹಾ' ಅಂತ ತಳ್ಳಿಹಾಕಬೇಡಿ. ಕೊಟ್ಟದ್ದನ್ನು ವಾಪಸ್ ಕೊಟ್ಟ ಹಾಗಾಗುತ್ತದೆ. 'ನಿಮಗೆ ಉಪಯೋಗ ಆಯಿತಲ್ಲ, ಖುಷಿ' ಅಂದರೆ ಸಾಕು.

ಮಕ್ಕಳ ವಿಷಯಕ್ಕೆ ಒಂದೇ ಮಾತು. 'ಥ್ಯಾಂಕ್ಸ್ ಹೇಳು, ಹೇಳು' ಅಂತ ಬೆನ್ನಿಗೆ ಗುದ್ದಿದರೆ ಮಗು ಪದ ಕಲಿಯುತ್ತದೆ, ಅಷ್ಟೇ. 'ಆ ಅಣ್ಣ ತನ್ನ ಆಟ ಬಿಟ್ಟು ಬಂದು ನಿನ್ನ ಚೆಂಡು ತೆಗೆದುಕೊಟ್ಟ, ನೋಡಿದೆಯಾ?' ಅಂತ ಕೇಳಿದರೆ ನೋಡುವುದನ್ನು ಕಲಿಯುತ್ತದೆ.

ಆರನೆಯ ಹೆಜ್ಜೆ: ಹಂಗನ್ನು ಬೇರೆ ಇಡಿ

ಕನ್ನಡದಲ್ಲಿ 'ಹಂಗು' ಎಂಬ ಪದ ಇದೆಯಲ್ಲ, ಅದು ಕೃತಜ್ಞತೆಯ ಪಕ್ಕದಲ್ಲೇ ಕೂತಿರುತ್ತದೆ. ನೋಡಲು ಒಂದೇ ಥರ. ಒಳಗೆ ಬೇರೆ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಅನ್ನುವ ಗಾದೆ ಕೃತಜ್ಞತೆಯ ಮಾತು. ಹಂಗಿನ ಅರಮನೆಗಿಂತ ಗುಡಿಸಲೇ ಲೇಸು ಅನ್ನುವುದು ಅದರ ಪಕ್ಕದವನ ಬಗ್ಗೆ ಎಚ್ಚರಿಕೆ.

ಕೊಟ್ಟವರು ವಾಪಸ್ ಏನೋ ನಿರೀಕ್ಷಿಸುತ್ತಿದ್ದಾರೆ ಅಂತ ಗೊತ್ತಾದಷ್ಟೂ ಕೃತಜ್ಞತೆ ಇಳಿಯುತ್ತದೆ, ಋಣದ ಭಾರ ಏರುತ್ತದೆ. 2006ರಲ್ಲಿ ಫಿಲಿಪ್ ವಾಟ್ಕಿನ್ಸ್ ತಂಡ ಅಧ್ಯಯನದಲ್ಲಿ ಕಂಡದ್ದೂ ಇದನ್ನೇ. ಗುರುತಿಸುವ ದಾರಿ ಸುಲಭ. ಆ ವ್ಯಕ್ತಿಯ ಹೆಸರು ಫೋನ್ ಪರದೆಯ ಮೇಲೆ ಬಂದಾಗ ಮುಖ ಅರಳುತ್ತದಾ, ಹೊಟ್ಟೆ ಹಿಂಡುತ್ತದಾ? ಹಿಂಡಿದರೆ ಅದನ್ನು ಈ ಪುಸ್ತಕದಲ್ಲಿ ಬರೆಯಬೇಡಿ. ತೀರಿಸುವಂಥದ್ದಾದರೆ ತೀರಿಸಿ, ಮಾತಾಡುವಂಥದ್ದಾದರೆ ಮಾತಾಡಿ.

ಇನ್ನೊಂದನ್ನು ಒತ್ತಿ ಹೇಳಬೇಕು. ಹೊಡೆಯುವ, ಹೀಯಾಳಿಸುವ, ದುಡಿಸಿಕೊಂಡು ಸಂಬಳ ಕೊಡದ ಜನರ ನಡುವೆ ಇದ್ದರೆ 'ಇಷ್ಟಾದರೂ ಇದೆಯಲ್ಲ' ಅಂತ ಕೃತಜ್ಞತೆ ಅಭ್ಯಾಸ ಮಾಡಬೇಡಿ. ಅಲ್ಲಿ ಬೇಕಾದದ್ದು ಸಹಾಯ, ದೂರು, ಹೊರಬರುವ ದಾರಿ. ದುಃಖದಲ್ಲಿರುವವರಿಗೆ 'ಇರುವುದಕ್ಕೆ ಖುಷಿಪಡು' ಅಂತ ಉಪದೇಶ ಮಾಡಲೂ ಬೇಡಿ. ಈ ಅಭ್ಯಾಸವನ್ನು ತನಗೆ ತಾನು ಮಾಡಿಕೊಳ್ಳಬಹುದು, ಇನ್ನೊಬ್ಬರ ಮೇಲೆ ಹೇರಲು ಬರುವುದಿಲ್ಲ. ಪ್ಲಾಸ್ಟರ್ ಹಾಕಿದ ಮೊದಲ ವಾರ ಯಾರಾದರೂ ನನಗೆ 'ಎಡಗೈ ಸರಿಯಿದೆಯಲ್ಲ, ಅದಕ್ಕೆ ಖುಷಿಪಡು' ಅಂದಿದ್ದರೆ, ಆ ಎಡಗೈಯನ್ನು ಯಾವುದಕ್ಕೆ ಬಳಸುತ್ತಿದ್ದೆನೋ ಗೊತ್ತಿಲ್ಲ.

ಏಳನೆಯ ಹೆಜ್ಜೆ: ಒಂದು ಪತ್ರ

ಇದು ವಾರವಾರ ಮಾಡುವುದಲ್ಲ. ವರ್ಷಕ್ಕೆ ಒಂದೋ ಎರಡೋ ಸಾಕು.

ಸರಿಯಾಗಿ ಹೇಳದೇ ಉಳಿದ ಒಬ್ಬರನ್ನು ಆರಿಸಿ. ಒಂದು ಪುಟ ಬರೆಯಿರಿ. ಅವರು ಮಾಡಿದ್ದು ಏನು, ಆಗ ನೀವು ಯಾವ ಸ್ಥಿತಿಯಲ್ಲಿದ್ದಿರಿ, ಅದರಿಂದ ಮುಂದೆ ಏನಾಯಿತು. ಆಗುವುದಾದರೆ ಎದುರಿಗೆ ಕೂತು ಓದಿ ಹೇಳಿ. ಮಾರ್ಟಿನ್ ಸೆಲಿಗ್‌ಮನ್ ತಂಡ 2005ರಲ್ಲಿ ಹೋಲಿಸಿ ನೋಡಿದ ಅಭ್ಯಾಸಗಳಲ್ಲಿ ಕೂಡಲೇ ಜಾಸ್ತಿ ಸಂತೋಷ ಕೊಟ್ಟದ್ದು ಇದು. ಆದರೆ ಮೂರು ತಿಂಗಳ ಹೊತ್ತಿಗೆ ಆ ಏರಿಕೆ ಇಳಿದುಹೋಗಿತ್ತು. ಒಂದು ವಾರ ದಿನಕ್ಕೆ ಮೂರು ಒಳ್ಳೆಯ ಸಂಗತಿ ಮತ್ತು ಅದರ ಕಾರಣ ಬರೆದವರಲ್ಲಾದರೆ ಆರು ತಿಂಗಳಾದರೂ ಪರಿಣಾಮ ಉಳಿದಿತ್ತು. ತಾವಾಗಿ ಮುಂದುವರಿಸಿದವರಲ್ಲಿ ಹೆಚ್ಚು. ಹಾಗಾಗಿ ಪತ್ರವನ್ನು ಹಬ್ಬ ಅಂದುಕೊಳ್ಳಿ, ವಾರದ ಬರವಣಿಗೆಯನ್ನು ದಿನದ ಊಟ ಅಂದುಕೊಳ್ಳಿ.

ಆ ವ್ಯಕ್ತಿ ಈಗ ಇಲ್ಲ, ಅಥವಾ ಎಲ್ಲಿದ್ದಾರೋ ಗೊತ್ತಿಲ್ಲ ಅಂದರೆ? ಆದರೂ ಬರೆಯಿರಿ. ಆಪ್ತ ಸಮಾಲೋಚನೆಗೆ ಬರುತ್ತಿದ್ದ ಸುಮಾರು 300 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪತ್ರ ಬರೆದವರ ಮಾನಸಿಕ ಆರೋಗ್ಯ 12 ವಾರಗಳ ನಂತರ ಉಳಿದವರಿಗಿಂತ ಉತ್ತಮವಾಗಿತ್ತು. ಬರೆದವರಲ್ಲಿ ಕಾಲು ಭಾಗದಷ್ಟು ಜನವೂ ಅದನ್ನು ಕಳಿಸಿರಲಿಲ್ಲ.

ನನ್ನ ಮೇಜಿನ ಡ್ರಾಯರ್‌ನಲ್ಲಿ ಅಂಥದ್ದೊಂದು ಇದೆ. ಮೊದಲ ಕೆಲಸದಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪನ್ನು ಯಾರಿಗೂ ಹೇಳದೆ ರಾತ್ರಿ ಕೂತು ಸರಿಪಡಿಸಿಕೊಟ್ಟ ಹಿರಿಯರೊಬ್ಬರಿಗೆ ಬರೆದದ್ದು. ವಿಳಾಸ ಸಿಗುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಪತ್ರದ ಎರಡನೆಯ ಪುಟದಲ್ಲಿ ಒಂದು ಕಡೆ ಪೆನ್ನು ನಿಂತಿದೆ. ಆ ರಾತ್ರಿ ಅವರು ಮನೆಗೆ ಹೇಗೆ ಹೋದರು, ಕೊನೆಯ ಬಸ್ಸು ಸಿಕ್ಕಿತಾ ಅಂತ ನಾನು ಯಾವತ್ತೂ ಕೇಳಿರಲಿಲ್ಲ ಅನ್ನುವುದು ಅಲ್ಲಿಯವರೆಗೆ ಬರೆದ ಮೇಲೇ ನನಗೆ ಗೊತ್ತಾದದ್ದು.